ಎರಡು ಬಾವುಟ, ಒಂದು ಪೆಟ್ಟಿಗೆ

ಮಾರ್ಚಿನ ಚಳಿ ಇನ್ನೂ ಬೆರಳು ಕಚ್ಚುತ್ತಿದ್ದ ಗುರುವಾರ, ಬೆಳಗಿನ ಹತ್ತು ಗಂಟೆಗೆ, ಹೌನ್ಸ್ಲೋದ ಸ್ಮಶಾನದ ಗೇಟಿನಲ್ಲಿ ತಮ್ಮಂದಿರಿಬ್ಬರು ಅಣ್ಣನ ಶವಪೆಟ್ಟಿಗೆಯ ಮೇಲೆ ಬಾವುಟಗಳನ್ನು ಎಳೆದಾಡುತ್ತಿದ್ದರು. ಬೆಲ್‌ಗ್ರೇಡಿನಿಂದ ಬಂದ ದುಶಾನ್ ತಲೆಯ ಕಡೆಯಿಂದ ಸರ್ಬಿಯದ್ದನ್ನು ಹೊದಿಸಿದರೆ, ಝಾಗ್ರೆಬಿನಿಂದ ಬಂದ ಇವಾನ್ ಕಾಲ ಕಡೆಯಿಂದ ಕ್ರೊಯೇಷಿಯದ್ದನ್ನು ಮೇಲಕ್ಕೆ ಜಗ್ಗುತ್ತಿದ್ದ. ಅಪ್ಪ ಸರ್ಬ, ಅಮ್ಮ ಕ್ರೊಯಾಟ್. ಒಳಗೆ ಮಲಗಿದ್ದ ಬ್ರಾಂಕೊ ಹೀಥ್ರೋ ಏರ್‌ಪೋರ್ಟಿನಲ್ಲಿ ಆಯುಷ್ಯವಿಡೀ ಕಂಡವರ ಸಾಮಾನು ಎತ್ತಿದವನು.

"ಸುಜಾನ್, ಅವನಿಗೆ ತೆಗೀಲಿಕ್ಕೆ ಹೇಳು," ದುಶಾನ್ ಅಣ್ಣನ ಹೆಂಡತಿಗೆ ಹರಕು ಇಂಗ್ಲಿಷಿನಲ್ಲಿ ಹೇಳಿದ.

ಸುಜಾನ್ ಎರಡು ಹೆಜ್ಜೆ ನಡೆದು ಇವಾನನಿಗೆ ಅದನ್ನೇ ಹೇಳಿದಳು.

"ಮೊದಲು ಅವನು ತೆಗೀಲಿ ಅನ್ನು."

ಪಕ್ಕದ ಮನೆಯ ಚಂದ್ರಿಕಾ, ಪುತ್ತೂರಿನವಳು, ಪಿಸುಗುಟ್ಟಿದಳು: "ಎಂಥ ಮಾರಾಯ್ತಿ, ಇವರಿಬ್ಬರದ್ದು ಭಾಷೆ ಒಂದೇ ಅಲ್ವಾ?"

"ಒಂದೇ. ಕುಡಿದ ಹಾಲೂ ಒಂದೇ. ಬಂದಾಗಿನಿಂದ ಉಪ್ಪು ಬೇಕಾದ್ರೂ ನನ್ನತ್ರವೇ ಹೇಳಿ ಕಳಿಸ್ತಾರೆ."

"ಅವರಿಗೆ ಉಡುಪಿಯವಳು ದುಭಾಷಿ! ಒಳ್ಳೇ ಕೆಲಸ ಸಿಕ್ಕಿತು ನಿಂಗೆ."

*

ತೊಂಬತ್ತೊಂದರಲ್ಲಿ ಯುಗೊಸ್ಲಾವಿಯ ಒಡೆದಾಗ ಬ್ರಾಂಕೊ ಬೂಟು ಬಿಚ್ಚದೆ ಟಿವಿ ಮುಂದೆ ಕೂತಿದ್ದ. ನೀನು ಯಾರ ಕಡೆ ಎಂದು ಒಬ್ಬ ತಮ್ಮ ಫೋನು ಮಾಡಿ ಕೇಳಿದ. ಅದನ್ನು ಇಡುವಷ್ಟರಲ್ಲಿ ಇನ್ನೊಬ್ಬ.

"ಏನು ಹೇಳಿದ್ರಿ?" ಸುಜಾನ್ ಕೇಳಿದ್ದಳು.

"ಶಿಫ್ಟಿಗೆ ಹೊತ್ತಾಯ್ತು ಅಂದೆ." ಫೋನಿನ ವೈರು ಕಿತ್ತಿಟ್ಟ. "ನಾನು ಮನೆ ಬಿಟ್ಟು ಬಂದೆ, ಸರಿ. ಮನೆಯೇ ಎದ್ದು ಹೋದರೆ ಏನು ಮಾಡೋದು? ಸುಜಿ, ನಾನು ಸತ್ತರೆ ಯಾರ ಬಾವುಟವನ್ನೂ ಹೊದಿಸಬೇಡ. ಇದೊಂದು ನಡೆಸಿಕೊಡು."

*

ಗೇಟಿನಲ್ಲಿ ಅವರ ಹಿಂದೆ ಇನ್ನೊಂದು ಮನೆಯವರ ಶವದ ಕಾರು ಬಂದು ನಿಂತಿತು. ಸ್ಮಶಾನದ ಮೇಲ್ವಿಚಾರಕ ಗಡಿಯಾರ ನೋಡಿಕೊಂಡ.

"ಅಮ್ಮ, ನಿಮ್ಮ ಹೊತ್ತು ಮೀರ್ತಾ ಇದೆ. ಇನ್ನು ತಡವಾದರೆ ನಾಳೆಗೇ."

ಸುಜಾನಳ ತಾಳ್ಮೆ ಅಲ್ಲಿಗೆ ಮುಗಿಯಿತು. ಎರಡೂ ಬಾವುಟ ಸೆಳೆದು ಚಂದ್ರಿಕಾಳ ತೋಳಿಗೆ ಹಾಕಿದಳು.

"ಅವನಿಗೆ ಹೇಳು..." ಇಬ್ಬರೂ ಒಟ್ಟಿಗೇ ಬಾಯಿ ತೆರೆದರು.

"ಹೇಳೂದಿಲ್ಲ. ಎತ್ತಿ."

ಎತ್ತಿದರು. ಒಬ್ಬನ ಮುಖ ಎಡಕ್ಕೆ, ಇನ್ನೊಬ್ಬನದು ಬಲಕ್ಕೆ. ಪೆಟ್ಟಿಗೆಯ ಮೇಲೆ ಮಣ್ಣು ಬೀಳುವಾಗಲೂ ಒಬ್ಬರನ್ನೊಬ್ಬರು ನೋಡಲಿಲ್ಲ.

*

ದುಶಾನ್ ಶುಕ್ರವಾರ ಹೋದ. ಶನಿವಾರ ಇವಾನನನ್ನೂ ಸುಜಾನಳೇ ಹೀಥ್ರೋಗೆ ಬಿಟ್ಟಳು. ಇಳಿದವನು ಕಾರಿನ ಬಾಗಿಲು ಹಿಡಿದು ನಿಂತ.

"ದುಶಾನ್ ಕುಂಟುತ್ತಿದ್ದ. ಮಂಡಿ ನೋವೋ ಏನೋ. ಸ್ವಲ್ಪ ಕೇಳಿ ತಿಳಿಸ್ತೀಯಾ?"

ಇವಾನ್ ಉತ್ತರಕ್ಕೆ ಕಾಯಲಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಹೊರಟ, ಬಲಗಾಲನ್ನು ಪೂರ್ತಿ ಊರದೆ, ಹಿಂದಿನ ದಿನ ದುಶಾನ್ ನಡೆದುಹೋದ ಹಾಗೆಯೇ.