ಸಿದ್ದಕ್ಕನ ರಕ್ತ

“ಏನೇ ಸಿದ್ದಿ, ಮೈತುಂಬ ಬ್ರಾಂದಿ ತುಂಬ್ಕೊಂಡು ಸಾಕ್ಷಿ ಹೇಳಾಕೆ ಹೊಂಟಿದ್ದೀಯೇನೇ, ರಂಡೆ?”

ಚಳ್ಳಕೆರೆಯ ಎಣ್ಣೆಮಿಲ್ಲಿನ ಅಂಗಳದಲ್ಲಿ ಮಾಲೀಕ ಕೊಟ್ಟೂರಪ್ಪ ಲ್ಯಾಬಿನ ಚೀಟಿಯನ್ನು ಎಲ್ಲರೆದುರು ಬೀಸಿದ. ಶೇಂಗಾ ಕೇರುತ್ತಿದ್ದ ಹೆಂಗಸರ ಮೊರಗಳು ನಿಂತವು. ಸಿದ್ದಕ್ಕನಿಗೆ ಮೊದಲು ನಗುವೇ ಬಂತು. ತಳಕು ಊರಿನ ಹತ್ತಿರದ ತನ್ನ ಹಟ್ಟಿಯಲ್ಲಿ ಬ್ರಾಂದಿ ಅಂಗಡಿ ಮುಚ್ಚಿಸಲು ಪೊರಕೆ ಹಿಡಿದು ಧರಣಿ ಕೂತಿದ್ದವಳು ಅವಳು.

ಹೋದ ವಾರ ಮಿಷನ್ನಿನ ಬೆಲ್ಟಿಗೆ ಸಿಕ್ಕಿ ಮಿಲ್ಲಿನ ಆಳು ಸೂರಪ್ಪನ ಕೈ ಹೋಗಿತ್ತು. ಕೈ ಸಿಗದಂತೆ ಬೆಲ್ಟಿಗೆ ಹಾಕಬೇಕಾದ ಮರೆಯೇ ಇರಲಿಲ್ಲ. ಕಣ್ಣಾರೆ ಕಂಡಿದ್ದ ಸಿದ್ದಕ್ಕ, ಕಾರ್ಮಿಕ ಇಲಾಖೆಯವರು ಬಂದರೆ ಹೇಳುತ್ತೇನೆಂದಿದ್ದಳು. ಕೊಟ್ಟೂರಪ್ಪ ಕುಡುಕರಿಂದಲೇ ಈ ಅನಾಹುತ ಎಂದು ಸಾರಿ ಆಳುಗಳ ರಕ್ತ ತೆಗೆಸತೊಡಗಿದ. ವರ್ಷಗಟ್ಟಲೆ ಕುಡಿದವರ ಲಿವರ್‌ನಿಂದ ಅದೇನೋ ರಕ್ತಕ್ಕೆ ಇಳಿದು ಸಿಕ್ಕಿಬೀಳುತ್ತದಂತೆ. ದಿನಾ ತೂರಾಡುವ ಮೇಸ್ತ್ರಿ ಪಾಲಾಕ್ಷನ ರಕ್ತ ಶುದ್ಧ ಎಂದು ಬಂದಿತ್ತು. ಸಿದ್ದಕ್ಕನ ರಕ್ತದಲ್ಲಿ ಅದು ಏರಿತ್ತು.

ಉಳಿದವರ ರಕ್ತ ತೆಗೆಯಲು ಬಂದಿದ್ದ ಲ್ಯಾಬಿನ ಕಾವ್ಯ ಮೆಲ್ಲಗೆ ಅಂದಳು: “ಸರ್, ಫಿಟ್ಸ್ ಮಾತ್ರೆ ತಗೊಂಡ್ರೂ ಇದು ಏರುತ್ತೆ.”

“ನಿನ್ನ ಕೇಳಿದ್ನಾ?”

ಮಾತ್ರೆಯಂತೂ ನಿಜ. ಗಂಡ ತಿಪ್ಪಯ್ಯ ಕುಡಿದು ಬಂದು ಒನಕೆಯಿಂದ ತಲೆಗೆ ಬಾರಿಸಿದಂದಿನಿಂದ ಅವಳಿಗೆ ಮೂರ್ಛೆ. ಕುಡಿದವನು ಸತ್ತು ನೆಮ್ಮದಿಯಾಗಿದ್ದ. ಅವನ ಕುಡಿತ ಇವಳ ರಕ್ತದಲ್ಲಿ ಸಿಕ್ಕಿತ್ತು.

“ಹೌದ್ರಿ ಧಣಿ, ಮಾತ್ರೆ ನುಂಗ್ತೀನಿ,” ಅಂದಳು.

“ಓಹೋ! ಹಂಗಾರೆ ಮೂರ್ಛೇಲಿ ಕಂಡಿದ್ದೇನೇ ಬೆಲ್ಟು? ಕುಡುಕಿ ಆದ್ರೂ ಹೊರಗೆ, ರೋಗಿಷ್ಟೆ ಆದ್ರೂ ಹೊರಗೆ. ಯಾವುದು ಬೇಕೋ ನೀನೇ ಆರಿಸ್ಕೊ.”

ಪಾಲಾಕ್ಷ ಹಲ್ಲು ಕಿರಿದ.

ಸಿದ್ದಕ್ಕ ಮೊರ ಕೆಳಗಿಟ್ಟಳು. ಅಂಗೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು ನಡೆದುಹೋಗಿ ಕೊಟ್ಟೂರಪ್ಪನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

“ಸೂಜಿ ತಾರವ್ವ ಕಾವ್ಯಮ್ಮ. ಧಣೀರದ್ದೂ ಒಂದೀಟು ತೆಗಿ.”

“ಮುಟ್ಟಬ್ಯಾಡ ಕಣೇ, ಬೋಳಿ! ಕೈ ಬಿಡು!”

“ಇರುವೆ ಕಚ್ಚಿದಂಗಾಗ್ತೈತೆ ಅಷ್ಟೆ, ಧಣಿ. ನಾವೆಲ್ಲ ತಡ್ಕಂಡಿಲ್ವಾ?”

ಪಾಲಾಕ್ಷ ಓಡಿಬಂದು ಅವಳ ಬೆರಳು ಬಿಡಿಸಲು ಹೆಣಗಿದ. ಅಷ್ಟರಲ್ಲಿ ಶೇಂಗಾ ಕೇರುತ್ತಿದ್ದ ಕೆಂಚಕ್ಕ ಎದ್ದಳು. ಅವಳ ಹಿಂದೆ ಉಳಿದ ಹೆಂಗಸರೂ ಎದ್ದರು. ಕೆಂಚಕ್ಕ ಮಾಲೀಕನ ಇನ್ನೊಂದು ಕೈಯನ್ನು ಎಳೆದುಕೊಂಡು, ಗಂಜಿ ಹಾಕಿದ ಬಿಳಿ ಅಂಗಿಯ ತೋಳನ್ನು ಮೇಲಕ್ಕೆ ಮಡಚತೊಡಗಿದಳು.