ಏಳು ಗಂಟೆಯ ಜ್ವರ

ಬೆಳಿಗ್ಗೆ ಏಳಕ್ಕೆ ನನ್ನ ತಂಗಿ ಸರಸಮ್ಮನಿಗೆ ಚಳಿ ಹತ್ತಿ ಹಲ್ಲು ಕಟಕಟ ಎಂದವು. ಥರ್ಮಾಮೀಟರ್ ನೂರಾ ಒಂದು ತೋರಿಸಿತು. ಎದೆಯ ಕ್ಯಾನ್ಸರಿಗೆ ಮೂರನೆಯ ಕೀಮೋ ಆಗಿ ಅಂದಿಗೆ ಹತ್ತು ದಿನ. ನೂರು ದಾಟಿದರೆ ಮಾತ್ರೆ ಕೊಡಬೇಡಿ, ಮೊದಲು ಫೋನ್ ಮಾಡಿ ಎಂದು ನರ್ಸ್ ಲೋಹಿತಾ ಎರಡೆರಡು ಸಲ ಹೇಳಿದ್ದಳು.

“ಹೇಳ್ಬುಟ್ರೆ ಎಳ್ಕೊಂಡೋಗಿ ಮಲಗಿಸ್ತಾರೆ ಕಣಕ್ಕ. ಹೋದ್ಸಲ ಒಂಬತ್ತು ದಿನ, ಕೈಯೆಲ್ಲ ಸೂಜಿ. ಒಂದು ಮಾತ್ರೆ ಕೊಟ್ಟು ಸುಮ್ಕಿರು. ನನ್ನಾಣೆ!”

ಕೊಟ್ಟೆ.

ಹತ್ತು ಗಂಟೆಗೆ ಲೋಹಿತಾ ವಾರದ ಭೇಟಿಗೆಂದು ಶಿರಾದಿಂದ ಸ್ಕೂಟರಿನಲ್ಲಿ ಬಂದಳು. ಈಗ ಥರ್ಮಾಮೀಟರಿನಲ್ಲಿ ತೊಂಬತ್ತೆಂಟೂವರೆ.

“ನೋಡ್ದೇನವ್ವ? ನಿನ್ ಪೆಟ್ರೋಲ್ ದಂಡ,” ಎಂದಳು ಸರಸಮ್ಮ.

ಲೋಹಿತಾ ನಕ್ಕಳು, ಆದರೆ ಚೀಲ ಮುಚ್ಚಲಿಲ್ಲ. ತಂಗಿಯ ರವಿಕೆಯ ಕೊರಳು ಬೆವರಿಗೆ ತೊಯ್ದಿತ್ತು. ಅದನ್ನೇ ನೋಡುತ್ತ ಮಣಿಕಟ್ಟು ಹಿಡಿದು, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದಳು. ನೂರಾ ಹದಿನೆಂಟು.

“ಬಾಯಿ ಹುಣ್ಣು? ಕೆಮ್ಮು? ಉರಿಮೂತ್ರ?”

“ಏನೂ ಇಲ್ಲ ಕಣವ್ವ.”

ಲೋಹಿತಾ ನನ್ನ ಕಡೆ ತಿರುಗಿದಳು. “ಅಮ್ಮಾ, ಜ್ವರದ ಮಾತ್ರೆ ಏನಾದ್ರೂ ಕೊಟ್ರಾ? ಅದು ಜ್ವರಾನ ಮುಚ್ಚಿಡುತ್ತೆ, ಸೋಂಕು ಒಳಗೇ ಇರುತ್ತೆ. ಕೀಮೋ ಆದೋರ ರಕ್ತದಲ್ಲಿ ಅದನ್ನ ತಡೆಯೋ ಶಕ್ತಿ ಇರಲ್ಲ. ತಡವಾದ್ರೆ ಜೀವಕ್ಕೇ ಅಪಾಯ.”

ತಂಗಿ ಹೊದಿಕೆಯ ಅಂಚು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಲೋಹಿತಾಳ ಕಡೆ ತಿರುಗಿದೆ.

“ಏಳಕ್ಕೆ ನೂರಾ ಒಂದಿತ್ತು. ನಡುಗ್ತಿದ್ಲು. ಮಾತ್ರೆ ನಾನೇ ಕೊಟ್ಟೆ.”

“ಅಕ್ಕಾ!”

ಲೋಹಿತಾ ಯಾಕೆಂದು ಕೇಳಲಿಲ್ಲ. ಆಗಲೇ ಫೋನ್ ಕಿವಿಗಿಟ್ಟಿದ್ದಳು. ಆಂಬುಲೆನ್ಸ್ ಕರೆದು, ತುಮಕೂರು ಆಸ್ಪತ್ರೆಯ ಡಾಕ್ಟರಿಗೆ ಹೇಳಿದಳು: “ಬಂದ ತಕ್ಷಣ ರಕ್ತ ತೆಗೆದು ಆ್ಯಂಟಿಬಯೋಟಿಕ್ ಶುರು ಮಾಡ್ಬೇಕು ಸಾರ್. ಟೈಮೆಲ್ಲ ಮನೆಯೋರು ಸರಿಯಾಗಿ ಹೇಳಿದಾರೆ.”

“ಸರಿಯಾಗಿ ಹೇಳಿದ್ಲು, ಚಾಡಿಕೋರಿ,” ಎಂದು ಸರಸಮ್ಮ ಗೋಡೆಯ ಕಡೆ ಹೊರಳಿದಳು.

ಕಾಯುತ್ತಿದ್ದಂತೆಯೇ ನಡುಕ ಮತ್ತೆ ಹತ್ತಿತು. ಮಂಚ ಅಲುಗುತ್ತಿತ್ತು. ಲೋಹಿತಾ ಬಿ.ಪಿ. ನೋಡಿದಳು, ಇನ್ನೊಮ್ಮೆ ನೋಡಿದಳು. ತೊಂಬತ್ತಕ್ಕೆ ಇಳಿದಿತ್ತು. ತಂಗಿಯ ಕಾಲ ಕೆಳಗೆ ದಿಂಬಿಟ್ಟು, ತನ್ನ ದುಪಟ್ಟಾದಿಂದಲೇ ಅವಳ ಹಣೆ ಒರೆಸಿದಳು. ನಾನು ಬಾಗಿಲಿಗೂ ಮಂಚಕ್ಕೂ ಸುಮ್ಮನೆ ಓಡಾಡಿದೆ.

ಇಪ್ಪತ್ತು ನಿಮಿಷಕ್ಕೆ ಗಾಡಿ ಬಂತು. ಸ್ಟ್ರೆಚರ್ ಒಳಗೆ ಸೇರಿತು. ತಂಗಿ ಬೇಡವೆಂದಾಳೆಂದು ನಾನು ಹೊರಗೇ ನಿಂತೆ.

ಒಳಗಿನಿಂದ ಸಣ್ಣ ದನಿ ಬಂತು. “ಏನ್ ನೋಡ್ತಾ ನಿಂತಿದ್ದೀಯ? ಮಾಡೋದೆಲ್ಲ ಮಾಡ್ಬುಟ್ಟೆ. ಬಾ, ಪಕ್ಕದಲ್ಲಿ ಕೂತ್ಕೊ.”