ಮೊಸಳೆಯ ಬಾಣಂತನ

ಬಾಲಚಂದ್ರರಿಗೆ ಬ್ಯಾಂಕಿನಿಂದ ವಡೋದರಾಕ್ಕೆ ವರ್ಗವಾಗಿ ಮೂರು ವರ್ಷವಾಗಿತ್ತು. ಅಲ್ಲಿನ ಸಮಾ ಎಂಬ ಬಡಾವಣೆಯಲ್ಲಿ ಅವರು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನ ಹಿಂದೆಯೇ ಒಂದು ಹಳ್ಳ. ಅದು ಮುಂದೆ ಹೋಗಿ ವಿಶ್ವಾಮಿತ್ರಿ ನದಿಯನ್ನು ಸೇರುತ್ತದೆ. ನದಿಯ ಮೊಸಳೆಗಳು ಮನಸ್ಸು ಬಂದಾಗ ಹಳ್ಳಕ್ಕೂ ಬರುತ್ತವೆ. ಊರಿನವರಿಗೆ ಇದು ಬೆಕ್ಕು ಅಂಗಳ ದಾಟಿದಷ್ಟು ಸಾಮಾನ್ಯ ಸಂಗತಿ. ಬಾಲಚಂದ್ರರ ಹೆಂಡತಿ ಪ್ರೇಮಾರಿಗೆ ಮಾತ್ರ ಮೊದಲ ವರ್ಷವೆಲ್ಲ ಮೂರನೆಯ ಮಹಡಿಯಲ್ಲಿದ್ದರೂ ಎದೆ ಡವಡವ ಎನ್ನುತ್ತಿತ್ತು.

ಆಕೆ ಹಳ್ಳದ ಕಸ ತೆಗೆಯುವ ಗುಂಪಿಗೆ ಸೇರಿದ್ದು ಮಗಳಿಂದಾಗಿ. ಕಾಲೇಜಿನಲ್ಲಿ ಓದುತ್ತಿದ್ದ ಅದಿತಿ ಭಾನುವಾರ ಬೆಳಿಗ್ಗೆ ಕೈಗವಸು ತೊಟ್ಟು ಹೊರಡುತ್ತಿದ್ದಳು. ಒಂದು ದಿನ ನೀರಿನ ಬಾಟಲಿ ಮರೆತು ಹೋದಳೆಂದು ಪ್ರೇಮಾ ಕೊಡಲು ಹೋದರು. ಅಲ್ಲಿ ಮೂರು ಹುಡುಗಿಯರು ನೆನೆದ ಹಾಸಿಗೆಯೊಂದನ್ನು ಎಳೆಯಲಾಗದೆ ಒದ್ದಾಡುತ್ತಿದ್ದರು. ನೋಡುತ್ತ ನಿಲ್ಲುವ ಸ್ವಭಾವ ಪ್ರೇಮಾರದಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೂ ಒಂದು ತುದಿ ಹಿಡಿದರು. ಅಂದು ಮನೆಯಲ್ಲಿ ತಿಂಡಿ ಆದಾಗ ಹನ್ನೊಂದು ಗಂಟೆ. ಮುಂದಿನ ಭಾನುವಾರ ತಾಯಿಯೇ ಮಗಳನ್ನು ಎಬ್ಬಿಸಿದರು.

ಗುಂಪನ್ನು ನಡೆಸುತ್ತಿದ್ದವನು ಮಂಥನ್ ಎಂಬ ಶಾಲಾ ಮಾಸ್ತರ. ಜೀವಶಾಸ್ತ್ರ ಕಲಿಸುತ್ತಿದ್ದ, ಹಾವು ಮೊಸಳೆ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಅರಣ್ಯ ಇಲಾಖೆಯವರ ಜೊತೆ ಬಿಡಿಸಲು ಹೋಗುತ್ತಿದ್ದ. ಮಾರ್ಚ್ ತಿಂಗಳಲ್ಲಿ ಅವನು ದಂಡೆಯ ಇಳಿಜಾರಿನಲ್ಲಿ ಕೆದಕಿ ಮುಚ್ಚಿದ ಮಣ್ಣನ್ನು ಕಂಡ. ಮೊಸಳೆ ಮೊಟ್ಟೆಯಿಟ್ಟಿತ್ತು. ಮರಿಯಾಗುವವರೆಗೆ ಯಾರೂ ಕೆಳಗಿಳಿಯಬಾರದು, ಅಲ್ಲಿಯವರೆಗೆ ಪಕ್ಕದ ಪಾರ್ಕನ್ನು ಸ್ವಚ್ಛ ಮಾಡೋಣ ಎಂದು ಎಲ್ಲರಿಗೂ ಹೇಳಿದ.

ಎಲ್ಲರೂ ಒಪ್ಪಿದರು. ಪ್ರೇಮಾ ಮಾತ್ರ ತಡೆಗೋಡೆಯ ಮೇಲೆ ಕೈಯೂರಿ ಕೆಳಗೆ ನೋಡುತ್ತ ನಿಂತರು. ಗೂಡಿಗೂ ನೀರಿಗೂ ನಡುವೆ ಪ್ಲಾಸ್ಟಿಕ್ ಚೀಲಗಳು, ಹಾಲಿನ ಪ್ಯಾಕೆಟ್ಟುಗಳು, ಸಂಕ್ರಾಂತಿಯಲ್ಲಿ ಹಾರಿಸಿದ ಗಾಳಿಪಟಗಳ ದಾರದ ಸಿಕ್ಕುಗಳು.

"ಬಾಣಂತಿ ಇರೂ ಮನೀನ ನಾವು ಮೊದಲ ಸ್ವಚ್ಛ ಮಾಡಿ ಇಟ್ಟಿರ್ತೇವಿ. ಇದರ ಅಂಗಳ ನೋಡಿದೇನು?" ಎಂದರು ಮಗಳಿಗೆ. "ಹುಟ್ಟಿದ ಕೂಸು ನೀರಿಗೆ ಹೋಗೂದರಾಗ ಇದರಾಗ ಸಿಕ್ಕೊಂಡು ಸಾಯ್ತಾವ."

ಅದಿತಿ ಅದನ್ನು ಗುಜರಾತಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಮಂಥನ್ ನಗಲಿಲ್ಲ. ಇಳಿಯದೆ ತೆಗೆಯುವುದಕ್ಕೆ ಪ್ರೇಮಾಬೆನ್ ಏನಾದರೂ ಉಪಾಯ ಮಾಡಿದರೆ ತಾನು ಇಲಾಖೆಯವರನ್ನು ಕೇಳಿ ಒಪ್ಪಿಸುವುದಾಗಿ ಹೇಳಿದ.

ಪ್ರೇಮಾರ ತಂದೆ ಹಾನಗಲ್ಲಿನಲ್ಲಿ ಮಾವಿನ ತೋಟ ಗುತ್ತಿಗೆ ಹಿಡಿಯುತ್ತಿದ್ದವರು. ಹಣ್ಣಿಗೆ ಪೆಟ್ಟಾಗದಂತೆ ಇಳಿಸುವುದನ್ನು ಆಕೆ ಹತ್ತನೆಯ ವಯಸ್ಸಿಗೇ ಕಲಿತಿದ್ದರು. ಅದೇ ವಾರ ಪೇಟೆಯಿಂದ ಹದಿನೆಂಟು ಅಡಿಯ ಬಿದಿರು ತರಿಸಿದರು. ವೆಲ್ಡಿಂಗ್ ಅಂಗಡಿಯಲ್ಲಿ ನಿಂತು ಕಬ್ಬಿಣದ ಕೊಕ್ಕೆ ಬಾಗಿಸಿಕೊಂಡು ಬಂದರು. ಅದರ ಕೆಳಗೆ ನೈಲಾನ್ ಹುರಿಯ ಬಲೆಚೀಲವನ್ನು ತಾವೇ ಹೆಣೆದು ಕಟ್ಟಿದರು. ಅದು ಮಾವು ಇಳಿಸುವ ದೋಟಿ. ಮೊದಲ ದಿನ ಮೇಲೆತ್ತಿದ ಕೊಳೆತ ಚೀಲ ಒಡೆದು, ನೋಡಲು ಬಂದಿದ್ದ ಬಾಲಚಂದ್ರರ ಅಂಗಿಯ ಮೇಲೆಯೇ ಸುರಿಯಿತು. ಅವರು ಮನೆಗೆ ಹೋಗಿ, ಹಳೆಯ ಬನಿಯನ್ ಹಾಕಿಕೊಂಡು ಮರಳಿ ಬಂದರು.

ಏಪ್ರಿಲ್, ಮೇ ಪೂರ್ತಿ ಈ ಕೆಲಸ ನಡೆಯಿತು. ಗೂಡಿನಿಂದ ಹತ್ತು ಅಡಿ ದೂರವಿರಬೇಕೆಂದು ಇಲಾಖೆಯವರು ಷರತ್ತು ಹಾಕಿದ್ದರು. ಒಮ್ಮೆ ದೋಟಿ ಜಾರಿ ಗೂಡಿನ ಕಡೆ ಮಣ್ಣು ಗೀರಿತು. ನೀರಿನಲ್ಲಿ ಎರಡು ಕಣ್ಣಷ್ಟೇ ತೋರಿಸಿ ಮಲಗಿದ್ದ ತಾಯಿ ಬುಸ್ಸೆಂದು ಅರ್ಧ ದಂಡೆ ಹತ್ತಿ ಬಂತು. ಎಂಟು ಅಡಿ ಗೋಡೆಯ ಮೇಲಿದ್ದರೂ ಪ್ರೇಮಾ ಬೆಚ್ಚಿ ಹಿಂದೆ ಸರಿದರು. ಬಿದಿರನ್ನು ಮೆಲ್ಲಗೆ ಹಿಂದೆ ಎಳೆದುಕೊಂಡು, "ಆತವ್ವಾ, ಆತು, ನಿನ್ನ ಕಡೆ ಬರಂಗಿಲ್ಲ" ಎಂದರು. ಸ್ವಲ್ಪ ಹೊತ್ತು ನೋಡಿ ಅದು ತಿರುಗಿ ನೀರಿಗಿಳಿಯಿತು. ಆಮೇಲೆ ಆಕೆ ಹೆದರಿದ್ದನ್ನು ಯಾರೂ ಕಾಣಲಿಲ್ಲ. ಆಕೆ ಬಿಸಿಲಲ್ಲಿ ನಿಂತು ಒಂದೊಂದೇ ಚೀಲ ಎತ್ತುವುದನ್ನು ನೋಡಿ, ಮೇಲಿನ ಬಾಲ್ಕನಿಗಳಿಂದ ಕಸ ಬೀಳುವುದೂ ನಿಂತಿತು. ದಂಡೆಯ ಮೇಲಿನ ಬೇವಿನ ಮರದ ಕೊಂಬೆಗಳಿಂದ ಹಳೆಯ ಪಟದ ದಾರ ಉದುರುವುದು ಮಾತ್ರ ನಿಲ್ಲಲಿಲ್ಲ.

ಜೂನ್ ಮೊದಲ ಭಾನುವಾರ ಆರು ಗಂಟೆಗೆ ಎಂಟು ಜನ ಗೋಡೆಯ ಬಳಿ ಸೇರಿದ್ದರು. ನೆಲದೊಳಗಿನಿಂದ ಒಂದು ಸದ್ದು ಬಂತು, ಕಪ್ಪೆಯಂತೆ, ಆದರೆ ಸಣ್ಣದು. ಮಂಥನ್ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಕೂರಿಸಿದ. ತಾಯಿ ಮೊಸಳೆ ಮೇಲೆ ಬಂದು ಮುಂಗಾಲುಗಳಿಂದ ಮಣ್ಣು ತೋಡಿತು. ಬಾಯಿ ತೆರೆದು ನಾಲ್ಕೈದು ಮರಿಗಳನ್ನು ಎತ್ತಿಕೊಂಡಿತು. ಅದಿತಿ ಗಾಬರಿಯಿಂದ ತಾಯಿಯ ತೋಳು ಹಿಡಿದಳು.

"ಅವ್ವಾ, ಅದು ತಿಂತಾ ಇದೆಯಾ?"

"ಇಲ್ಲಬೇ, ನೋಡು. ಎತ್ತಿ ಆಡಸಾಕತ್ತೇತಿ."

ಅದು ನಿಧಾನಕ್ಕೆ ನಡೆದು ನೀರಿನಲ್ಲಿ ಬಾಯಿ ತೆರೆಯಿತು. ಗೇಣುದ್ದದ ಮರಿಗಳು ಈಜಿ ಹೊರಬಂದವು. ಹೀಗೆ ಮೂರು ಸಲ ಹೋಗಿ ಬಂತು. ಅಷ್ಟರಲ್ಲಿ ಕೆಲವು ಮರಿಗಳು ತಾವೇ ಇಳಿಜಾರಿನಲ್ಲಿ ಹೊರಟವು. ಅವುಗಳಲ್ಲೊಂದು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ರಾತ್ರಿ ಬಿದ್ದ ದಾರದ ಸಿಕ್ಕು ಅದರ ಕತ್ತಿಗೂ ಕಾಲಿಗೂ ಸುತ್ತಿಕೊಂಡಿತ್ತು. ಒದ್ದಾಡಿದಷ್ಟೂ ಬಿಗಿಯುತ್ತಿತ್ತು.

ತಾಯಿ ನೀರಿನಲ್ಲಿತ್ತು. ಪ್ರೇಮಾ ಮಂಥನ್‌ನ ಮುಖ ನೋಡಿದರು. ಅವನು ಒಂದು ಕ್ಷಣ ಯೋಚಿಸಿ ಆಗಲಿ ಎಂದು ತಲೆಯಾಡಿಸಿದ. ಆಕೆ ದೋಟಿಯನ್ನು ಗೋಡೆಯ ಮೇಲಿಂದ ಇಳಿಬಿಟ್ಟರು. ಕೊಕ್ಕೆ ಮರಿಗೆ ತಾಗದಂತೆ ದಾರದ ಗಂಟಿಗೆ ಮಾತ್ರ ಸಿಕ್ಕಿಸಿ, ಬಿದಿರನ್ನು ಒಂದಿಷ್ಟು ತಿರುಗಿಸಿದರು. ದಾರ, ಮರಿ ಎರಡೂ ಬಲೆಚೀಲದೊಳಕ್ಕೆ ಜಾರಿದವು. ಮೇಲೆ ಬಂದ ಮರಿಯನ್ನು ಅದಿತಿ ದುಪಟ್ಟಾದಲ್ಲಿ ಹಿಡಿದಳು. ಮಂಥನ್ ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದ. ಮರಿ ಅವನ ಹೆಬ್ಬೆರಳನ್ನು ಕಚ್ಚಿತು. ಅವನ ಮುಖದಲ್ಲಿ ಮೊದಲ ಸಲ ನಗು ಕಂಡದ್ದು ಆಗಲೇ.

ಅದರ ಕೂಗಿಗೆ ತಾಯಿ ನೀರಿನಿಂದ ಎದ್ದು ಬಂದು ಗೋಡೆಯ ಬುಡದಲ್ಲೇ ನಿಂತಿತು. ಪ್ರೇಮಾ ಮರಿಯನ್ನು ಮತ್ತೆ ಬಲೆಚೀಲಕ್ಕೆ ಹಾಕಿ ಕೆಳಗಿಳಿಸತೊಡಗಿದರು. ಬಿದಿರು ಓಲಾಡದಿರಲೆಂದು ಬಾಲಚಂದ್ರ ಹಿಂದಿನಿಂದ ಅದರ ತುದಿ ಹಿಡಿದುಕೊಂಡರು. ಚೀಲ ಮಣ್ಣಿಗೆ ಮುಟ್ಟಿತು, ಓರೆಯಾಯಿತು, ಮರಿ ತೆವಳಿ ಹೊರಬಂತು. ತಾಯಿ ದೋಟಿಯನ್ನು ಒಮ್ಮೆ ಮೂಸಿ, ಮರಿಯನ್ನು ಬಾಯಲ್ಲಿ ಎತ್ತಿಕೊಂಡು ತಿರುಗಿ ಹೊರಟಿತು.

ಅದು ನೀರು ಸೇರಿದ ಮೇಲೆ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಅದಿತಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಪ್ರೇಮಾ ನೆಲದ ಮೇಲೆ ಕೂತು, ತಮಗೆ ಹೊಟ್ಟೆ ಹಸಿಯುತ್ತಿದೆ ಎಂದರು. ಬಾಲಚಂದ್ರ ಎಲ್ಲರನ್ನೂ ಸೇವ್ ಉಸಲ್ ತಿಂಡಿಯ ಗಾಡಿಗೆ ಕರೆದೊಯ್ದರು. ಖಾರಕ್ಕೆ ಮೂಗು ಸುರಿಸುತ್ತ ಪ್ರೇಮಾ ಎರಡು ತಟ್ಟೆ ತಿಂದರು. ಗಾಡಿಯವನು ಕತೆ ಕೇಳಿ ಮೂರನೆಯದನ್ನೂ ಮುಂದಿಟ್ಟ.

ಹತ್ತು ದಿನಕ್ಕೆ ಮಳೆ ಹಿಡಿಯಿತು. ಬಿಡುವು ಸಿಕ್ಕ ಒಂದು ಸಂಜೆ ತಾಯಿ ಮಗಳು ಕೊಡೆ ಹಿಡಿದು ಗೋಡೆಯ ಬಳಿ ಹೋದರು. ಕೆಂಪು ನೀರಿನ ಅಂಚಿನಲ್ಲಿ ತಾಯಿ ಮೊಸಳೆ ತೇಲುತ್ತಿತ್ತು. ಅದರ ತಲೆಯ ಮೇಲೂ ಬೆನ್ನ ಮೇಲೂ ಮರಿಗಳು ಕೂತಿದ್ದವು. ಇನ್ನೂ ಕೆಲವು ಹತ್ತಲು ಹೋಗಿ ಜಾರಿ ಬೀಳುತ್ತಿದ್ದವು, ಮತ್ತೆ ಹತ್ತುತ್ತಿದ್ದವು.